ಹೊಸ ಕೆಲಸ, ಹಳೇ ವಿಶ್ವಾಸ: ಬೆಂಗಳೂರಿನ ಆಫೀಸಿನಲ್ಲಿ ಕಥೋಲಿಕರಾಗಿ ಬಾಳಲು ಒಂದು ಸಮಗ್ರ ಮಾರ್ಗದರ್ಶಿ

ಹೊಸ ಕೆಲಸಕ್ಕೆ ಸೇರುವ ನಮ್ಮ ಹುಡುಗ ಹುಡುಗಿಯರು ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತು ಕೇಳುವ ಪ್ರಶ್ನೆ ಒಂದಿದೆ. "ಆಫೀಸಿನಲ್ಲಿ ಕ್ರೈಸ್ತ ಅಂತ ಹೇಳಿಕೊಳ್ಳಲೇಬೇಕಾ? ಸುಮ್ನೆ ಇದ್ರೆ ಆಗಲ್ವಾ?" ಇರಬಹುದು. ಯಾರೂ ಬಂದು ಕೇಳುವುದಿಲ್ಲ. ಆದರೆ ಶುಭ ಶುಕ್ರವಾರದ, ಅಂದರೆ ಗುಡ್ ಫ್ರೈಡೇಯ, ಹಿಂದಿನ ರಾತ್ರಿ "ಸರ್, ನಾಳೆ ರಜೆ ಬೇಕು, ನಾನು ಕ್ರಿಶ್ಚಿಯನ್" ಅಂತ ಮ್ಯಾನೇಜರಿಗೆ ಮೊದಲ ಸಲ ಮೆಸೇಜ್ ಹಾಕಿ ನೋಡಿ. ನೆಪ ಹೇಳಿದ ಹಾಗೆ ಇರುತ್ತದೆ. ಅದಕ್ಕೇ ನಾನು ಎಲ್ಲರಿಗೂ ಕೊಡುವ ಸಲಹೆ ಒಂದೇ: ನಿಮ್ಮ ಊರು ಯಾವುದು ಅಂತ ಹೇಳುವಷ್ಟೇ ಸಲೀಸಾಗಿ ಮೊದಲ ವಾರದಲ್ಲೇ ಇದನ್ನೂ ಹೇಳಿಬಿಡಿ. ಆಮೇಲೆ ಅದು ಯಾರಿಗೂ ಸುದ್ದಿಯೇ ಅಲ್ಲ.

ಹೇಳುವುದು ಹೇಗೆ, ಹೇಳಿದ ಮೇಲೆ ನಡೆದುಕೊಳ್ಳುವುದು ಹೇಗೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಐಟಿಯವರಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ಪೀಣ್ಯದ ಫ್ಯಾಕ್ಟರಿ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್, ಆಸ್ಪತ್ರೆಯ ವಾರ್ಡು, ಶೋರೂಮು, ಎಲ್ಲಿದ್ದರೂ ವಿಷಯ ಹೆಚ್ಚು ಕಡಿಮೆ ಇದೇ.

ಹೆಜ್ಜೆ 1: ಪಿಜಿ ಹುಡುಕುವಾಗಲೇ ಚರ್ಚನ್ನೂ ಹುಡುಕಿ

ಹಾಸನದಿಂದಲೋ ಚಿಕ್ಕಮಗಳೂರಿನಿಂದಲೋ ಬರುವವರು ಪಿಜಿ ನೋಡುವಾಗ ಆಫೀಸಿಗೆ ಎಷ್ಟು ದೂರ, ಊಟ ಹೇಗೆ, ವೈಫೈ ಇದೆಯಾ ಅಂತ ಕೇಳುತ್ತಾರೆ. ಹತ್ತಿರದ ಚರ್ಚಿನಲ್ಲಿ ಎಷ್ಟು ಹೊತ್ತಿಗೆ, ಯಾವ ಭಾಷೆಯಲ್ಲಿ ಪೂಜೆ ಇದೆ ಅಂತ ಯಾರೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಭಾಷೆಯನ್ನಂತೂ ಕೇಳಲೇಬೇಕು. ಒಂದೇ ಚರ್ಚಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳು ಒಂದರ ಹಿಂದೆ ಒಂದು ಇರುತ್ತವೆ. ಕೆಲವು ಕಡೆ ಕೊಂಕಣಿ, ಮಲಯಾಳಂ ಕೂಡ ಇರುತ್ತದೆ. ಕನ್ನಡ ಪೂಜೆ ಕೆಲವು ಕಡೆ ಬೆಳಿಗ್ಗೆ ಬೇಗ ಮುಗಿದೇ ಹೋಗಿರುತ್ತದೆ. ಧರ್ಮಕೇಂದ್ರದ (ನಿಮ್ಮ ಪ್ರದೇಶದ ಚರ್ಚಿನ) ಕಚೇರಿಗೆ ಒಂದು ಫೋನ್ ಮಾಡಿ, ವೇಳಾಪಟ್ಟಿಯ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಶಿಫ್ಟಿನಲ್ಲಿ ಇರುವವರಿಗೆ ಧರ್ಮಸಭೆಯ ನಿಯಮದಲ್ಲೇ ಎರಡು ಸೌಲಭ್ಯಗಳಿವೆ. ಶನಿವಾರ ಸಂಜೆಯ ಪೂಜೆಗೆ ಹೋದರೆ ಭಾನುವಾರದ ಕಡ್ಡಾಯ ಪೂರೈಸಿದಂತೆ. ಹಾಗೆಯೇ ಯಾವುದೇ ಕಥೋಲಿಕ ಪದ್ಧತಿಯ ಪೂಜೆಯೂ ಸಲ್ಲುತ್ತದೆ. ಲ್ಯಾಟಿನ್ ಪದ್ಧತಿಯವರು ಕೇರಳ ಮೂಲದ ಸೀರೋ ಮಲಬಾರ್ ಚರ್ಚಿನ ಕುರ್ಬಾನಕ್ಕೆ, ಅಂದರೆ ಅವರ ಪೂಜೆಗೆ, ಹೋದರೂ ಸರಿಯೇ. ಭಾಷೆ ಅರ್ಥವಾಗದಿದ್ದರೂ ಪೂಜೆ ಪೂಜೆಯೇ. ಇದು ಗೊತ್ತಿಲ್ಲದೆ "ನನಗೆ ಟೈಮ್ ಹೊಂದಲ್ಲ" ಅಂತ ತಿಂಗಳುಗಟ್ಟಲೆ ಚರ್ಚು ಬಿಟ್ಟವರು ಇದ್ದಾರೆ.

ವಾರದ ನಡುವೆಯೂ ಹೋಗಬೇಕು ಅನ್ನಿಸಿದರೆ ವಿವೇಕನಗರದ ಬಾಲಯೇಸುವಿನ ದೇವಾಲಯ ಇದೆ. ಅಲ್ಲಿ ಗುರುವಾರ ಇಡೀ ದಿನ ಜನ ತುಂಬಿರುತ್ತಾರೆ, ಆಫೀಸಿಗೆ ಮುಂಚೆಯೂ ಆಮೇಲೆಯೂ ಹೋಗಬಹುದು. ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾ ಬಸ್ ಸ್ಟ್ಯಾಂಡಿಗೆ ಹತ್ತಿರ. ಬ್ರಿಗೇಡ್ ರೋಡ್ ಕಡೆ ಕೆಲಸ ಇರುವವರಿಗೆ ಸೇಂಟ್ ಪ್ಯಾಟ್ರಿಕ್ಸ್ ಇದೆ.

ಇನ್ನೊಂದು ಕೆಲಸ: ಧರ್ಮಕೇಂದ್ರದಲ್ಲಿ ಹೆಸರು ಬರೆಸಿ. ಪಿಜಿಯಲ್ಲಿ ಒಬ್ಬರೇ ಇದ್ದರೂ ಬರೆಸಿ. ಮುಂದೆ ಮದುವೆಗೆ ಇಲ್ಲಿನ ಗುರುಗಳ ಪತ್ರ ಬೇಕಾದಾಗ "ನೀವು ಯಾರಪ್ಪಾ?" ಅನ್ನಿಸಿಕೊಳ್ಳುವುದು ತಪ್ಪುತ್ತದೆ.

ಹೆಜ್ಜೆ 2: ಆಫರ್ ಲೆಟರಿನ ಜೊತೆ ರಜೆ ಪಟ್ಟಿಯನ್ನೂ ಓದಿ

ಸಂಬಳದ ಸಾಲನ್ನು ಎಲ್ಲರೂ ಓದುತ್ತಾರೆ. ನೀವು ಇನ್ನೂ ಮೂರು ವಿಷಯ ನೋಡಿ: ಶಿಫ್ಟ್ ಯಾವುದು, ವೀಕ್ ಆಫ್ ಯಾವಾಗ, ಈ ವರ್ಷದ ರಜೆ ಪಟ್ಟಿಯಲ್ಲಿ ಏನೇನಿದೆ.

ಕರ್ನಾಟಕದಲ್ಲಿ ಇದಕ್ಕೆ 1963ರ ಒಂದು ಕಾಯ್ದೆ ಇದೆ. ಗಣರಾಜ್ಯೋತ್ಸವ, ಕಾರ್ಮಿಕರ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವಕ್ಕೆ ಖಾಸಗಿ ಸಂಸ್ಥೆಯವರೂ ರಜೆ ಕೊಡಬೇಕು. ಅದರ ಮೇಲೆ ಕೆಲವು ಹಬ್ಬದ ರಜೆಗಳು. ಆ ಹಬ್ಬಗಳು ಯಾವುವು ಅನ್ನುವುದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಕ್ರಿಸ್ಮಸ್ ಬಹುತೇಕ ಇರುತ್ತದೆ. ಶುಭ ಶುಕ್ರವಾರ ಸರ್ಕಾರಿ ರಜೆಯಾದರೂ ಖಾಸಗಿ ಪಟ್ಟಿಯಲ್ಲಿ ಇದ್ದೇ ಇರುತ್ತದೆ ಅಂತ ನಂಬಬೇಡಿ. ಕ್ಲೈಂಟ್ ಅಮೆರಿಕದವರಾದರೆ ಇನ್ನೂ ಹುಷಾರಾಗಿರಿ. ಅಲ್ಲಿ ಶುಭ ಶುಕ್ರವಾರಕ್ಕೆ ಕೇಂದ್ರ ಸರ್ಕಾರದ ರಜೆ ಇಲ್ಲ. ಹಾಗಾಗಿ ಅವತ್ತು ಮಾಮೂಲಿನಂತೆ ಕಾಲ್ ಇಟ್ಟಿರುತ್ತಾರೆ. ಇಂಗ್ಲೆಂಡಿನ ಕ್ಲೈಂಟ್ ಆದರೆ ಶುಕ್ರವಾರವೂ ರಜೆ, ಪಾಸ್ಕ (ಈಸ್ಟರ್) ಹಬ್ಬದ ಮಾರನೆಯ ಸೋಮವಾರವೂ ರಜೆ. ನೀವು ಕೇಳದೆಯೇ ಕ್ಯಾಲೆಂಡರ್ ಖಾಲಿ.

ಆಗಸ್ಟ್ 15ರ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬಕ್ಕೆ ಚಿಂತೆಯೇ ಇಲ್ಲ. ದೇಶವೇ ರಜೆ ಕೊಟ್ಟಿದೆ.

ಪಾಸ್ಕಕ್ಕೆ ಮುಂಚಿನ ಪವಿತ್ರ ವಾರಕ್ಕೆ ರಜೆ ಲೆಕ್ಕ ಹಾಕುವಾಗ ಶುಕ್ರವಾರ ಒಂದನ್ನೇ ನೋಡಬೇಡಿ. ಪವಿತ್ರ ಗುರುವಾರ ಸಂಜೆ ಪಾದ ತೊಳೆಯುವ ವಿಧಿ ಇದೆ, ಅವತ್ತು ಬೇಗ ಹೊರಡಬೇಕು. ಶನಿವಾರ ರಾತ್ರಿ ಪಾಸ್ಕ ಜಾಗರಣೆ ಇದೆ, ಅವತ್ತು ನೈಟ್ ಶಿಫ್ಟ್ ಬೀಳಬಾರದು. ಈ ಮೂರನ್ನೂ ಒಂದೇ ಮೇಲ್‌ನಲ್ಲಿ ಬರೆಯಿರಿ. 2027ರಲ್ಲಿ ಶುಭ ಶುಕ್ರವಾರ ಮಾರ್ಚ್ 26ಕ್ಕೆ ಬಂದಿದೆ. ಹಣಕಾಸು ವರ್ಷದ ಕೊನೆಯ ವಾರದ ಹೊಸ್ತಿಲು. ಅಕೌಂಟ್ಸ್, ಸೇಲ್ಸ್, ಬ್ಯಾಂಕ್ ಕಡೆ ಇರುವವರು ಪಾಸ್ಕಕ್ಕೆ ಮುಂಚಿನ ತಪಸ್ಸು ಕಾಲ ಶುರುವಾಗುವ ಫೆಬ್ರವರಿ 10ರ ವಿಭೂತಿ ಬುಧವಾರದ ಹೊತ್ತಿಗೇ ಅರ್ಜಿ ಹಾಕಿಬಿಡಿ. ಮಾರ್ಚ್ ಬಂದ ಮೇಲೆ ಕೇಳಿದರೆ ಯಾವ ಮ್ಯಾನೇಜರೂ ಕರಗುವುದಿಲ್ಲ.

ಆಪ್ಷನಲ್ ರಜೆಗಳಿದ್ದರೆ ಮೊದಲು ಇವಕ್ಕೆ ಎತ್ತಿಡಿ, ಉಳಿದದ್ದು ಗೋವಾಕ್ಕೆ.

ಬೆಂಗಳೂರಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆಯುವುದು ಕೊಟ್ಟು ತೆಗೆದುಕೊಳ್ಳುವ ಲೆಕ್ಕ. "ಗೌರಿ ಗಣೇಶಕ್ಕೆ, ದೀಪಾವಳಿಗೆ ನಾನು ಬರ್ತೀನಿ. ಕ್ರಿಸ್ಮಸ್ಸಿಗೆ, ಪಾಸ್ಕಕ್ಕೆ ನೀವು ನೋಡ್ಕೊಳ್ಳಿ." ರೋಸ್ಟರ್ ಹಾಕುವವರ ಹತ್ತಿರ ಈ ಮಾತು ಮೊದಲ ತಿಂಗಳಲ್ಲೇ ಆಡಿ. ಹಬ್ಬದ ದಿನ ಬರಲು ಒಪ್ಪುವ ಒಬ್ಬರು ಇದ್ದರೆ ಅವರಿಗೂ ನಿರಾಳ. ಆಸ್ಪತ್ರೆಯ ನರ್ಸಮ್ಮಂದಿರು ಈ ಲೆಕ್ಕವನ್ನು ಮೊದಲಿನಿಂದಲೂ ನಡೆಸಿಕೊಂಡು ಬಂದಿದ್ದಾರೆ.

ಅಷ್ಟಾದರೂ ಯಾವುದೋ ಭಾನುವಾರ ಡ್ಯೂಟಿ ತಪ್ಪಿಸಲು ಆಗಲೇ ಇಲ್ಲ, ಪೂಜೆಗೆ ಹೊತ್ತೇ ಸಿಗಲಿಲ್ಲ ಅನ್ನಿ. ನಿಜವಾದ ಅಡಚಣೆ ಇದ್ದಾಗ ಧರ್ಮಸಭೆ ಯಾರ ಕುತ್ತಿಗೆಯನ್ನೂ ಹಿಸುಕುವುದಿಲ್ಲ. ಪ್ರತಿ ವಾರವೂ ಹೀಗೇ ಆದರೆ ಮಾತ್ರ ಗುರುಗಳ ಹತ್ತಿರ ಕೂತು ಮಾತಾಡಿ.

ಹೆಜ್ಜೆ 3: ಮೊದಲ ವಾರದಲ್ಲಿ ಹೇಳುವ ಬಗೆ

ಇದಕ್ಕೆ ಭಾಷಣ ಬೇಡ. ಸೋಮವಾರ ಬೆಳಿಗ್ಗೆ ಕಾಫಿ ಮೆಷಿನ್ ಹತ್ತಿರ "ವೀಕೆಂಡ್ ಏನ್ ಮಾಡಿದ್ರಿ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. "ಬೆಳಿಗ್ಗೆ ಚರ್ಚಿಗೆ ಹೋಗಿದ್ದೆ, ಮಧ್ಯಾಹ್ನ ಭರ್ಜರಿ ನಿದ್ದೆ." ಅಷ್ಟೇ. ಮುಗಿಯಿತು.

ಮಂಗಳೂರಿನ ಡಿಸೋಜ, ಪಿಂಟೊಗಳಿಗೆ ಹೆಸರೇ ಹೇಳಿಬಿಡುತ್ತದೆ. ನಮ್ಮ ಬಯಲುಸೀಮೆಯ ಚಿನ್ನಪ್ಪ, ರಾಯಪ್ಪ, ಚೌರಪ್ಪ, ಇನ್ನಾಸಪ್ಪಂದಿರ ಮಕ್ಕಳದ್ದು ಬೇರೆ ಕಥೆ. ಹೆಸರು ನೋಡಿ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದಾಗ "ಅರೆ, ನೀವು ಕ್ರಿಶ್ಚಿಯನ್ನಾ? ಕನ್ನಡ ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲ!" ಅನ್ನುತ್ತಾರೆ. ಹೊಗಳಿಕೆ ಅಂತಲೇ ಹೇಳಿರುತ್ತಾರೆ, ಪಾಪ. ಸಿಡುಕಬೇಡಿ. "ನಮ್ಮನೇಲಿ ಪ್ರಾರ್ಥನೆಯೂ ಕನ್ನಡ, ಜಗಳವೂ ಕನ್ನಡ" ಅಂದರೆ ನಕ್ಕು ಸುಮ್ಮನಾಗುತ್ತಾರೆ.

ಮ್ಯಾನೇಜರಿಗೆ ಮಾತ್ರ ಬಾಯಿಮಾತು ಸಾಲದು. ಮೊದಲ ಒನ್ ಟು ಒನ್ ಮೀಟಿಂಗಿನಲ್ಲಿ ಹೀಗೆ ಹೇಳಿ: "ಮೇಡಂ, ನಾನು ಕಥೋಲಿಕ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗ್ತೀನಿ, ಆ ಹೊತ್ತಿನಲ್ಲಿ ಫೋನ್ ಎತ್ತಲ್ಲ. ಅರ್ಜೆಂಟ್ ಇದ್ದರೆ ಹತ್ತೂವರೆ ಮೇಲೆ ಸಿಗ್ತೀನಿ. ವರ್ಷದಲ್ಲಿ ಈ ದಿನಗಳಿಗೆ ರಜೆ ಬೇಕಾಗುತ್ತೆ." ಬಿಡುವಿಲ್ಲದ ಹೊತ್ತಿನ ಜೊತೆಗೆ ಸಿಗುವ ಹೊತ್ತನ್ನೂ ಹೇಳಿದ್ದೀರಲ್ಲ, ಅದರಲ್ಲೇ ಅರ್ಧ ಕೆಲಸ ಆಯಿತು. ಆಮೇಲೆ ಅದನ್ನೇ ಎರಡು ಸಾಲಿನ ಮೇಲ್ ಮಾಡಿ.

ಮೇಜಿನ ಮೇಲೆ ಪುಟ್ಟ ಶಿಲುಬೆಯೋ ಬಾಲಯೇಸುವಿನ ಚಿತ್ರವೋ ಇಡಬಹುದಾ? ಪಕ್ಕದ ಮೇಜಿನಲ್ಲಿ ಗಣಪತಿ ಇದ್ದಾನೆ, ಎದುರಿನವರ ಮಾನಿಟರಿಗೆ ರಾಯರ ಫೋಟೋ ಅಂಟಿಸಿದೆ ಅಂದರೆ ನಿಮ್ಮದನ್ನೂ ಇಡಿ. ಯಾರೂ ಏನೂ ಇಡದ ಆಫೀಸಾದರೆ ನೀವೂ ಬಿಡಿ, ಕುತ್ತಿಗೆಯ ಶಿಲುಬೆ ಸಾಕು. ಫ್ಯಾಕ್ಟರಿಯಲ್ಲಿ ತಿರುಗುವ ಮೆಷಿನ್ ಹತ್ತಿರ ಸರ, ಉಂಗುರ ಬೇಡ ಅಂದರೆ ತೆಗೆದಿಡಿ. ಅಲ್ಲಿ ನೋಡುವುದು ಕೈ ಕುತ್ತಿಗೆ ಉಳಿಯಲಿ ಅಂತ, ಧರ್ಮವನ್ನಲ್ಲ. ಜಪಮಾಲೆ ಜೇಬಿನಲ್ಲಿ ಇರಲಿ.

ಹೆಜ್ಜೆ 4: ಊಟದ ಮುಂದೆ ಶಿಲುಬೆ ಗುರುತು

ಚಿಕ್ಕ ವಿಷಯ, ಆದರೆ ಹೊಸಬರು ತಡವರಿಸುವುದು ಇಲ್ಲೇ. ಕ್ಯಾಂಟೀನಿನಲ್ಲಿ ಡಬ್ಬಿ ತೆರೆದು, ಅತ್ತ ಇತ್ತ ನೋಡಿ, ಹಣೆ ಕೆರೆದ ಹಾಗೆ ಮಾಡಿ, ಎದೆಯ ಹತ್ತಿರ ಬೆರಳಾಡಿಸಿ, ಟೈ ಸರಿಮಾಡಿಕೊಂಡಂತೆ ಮುಗಿಸುತ್ತಾರೆ. ಅದನ್ನು ನೋಡಿದವರಿಗೆ ಏನೋ ಆಗಿದೆ ಅನ್ನಿಸುತ್ತದೆ. ಪೂರ್ತಿಯಾಗಿ, ನಿಧಾನವಾಗಿ, ಮನೆಯಲ್ಲಿ ಮಾಡುವ ಹಾಗೇ ಮಾಡಿ. ಹತ್ತು ಸೆಕೆಂಡು ಕಣ್ಣು ಮುಚ್ಚಿ. ಎದುರಿನವರು ಮಾತಾಡುತ್ತಿದ್ದರೆ ಅವರ ಮಾತು ಮುಗಿಯಲಿ, ಆಮೇಲೆ ಮಾಡಿ. ಮಾತು ತುಂಡರಿಸಿ ಪ್ರಾರ್ಥನೆಗೆ ಇಳಿಯುವುದು ಮರ್ಯಾದೆ ಅಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಮರಿಯಮ್ಮನವರನ್ನು ನೆನೆಯುವ ತ್ರಿಕಾಲ ಪ್ರಾರ್ಥನೆಗೆ ಫೋನಿನಲ್ಲಿ ಸದ್ದಿಲ್ಲದ ಅಲಾರಂ ಇಟ್ಟುಕೊಳ್ಳಬಹುದು. ಮನಸ್ಸಿನಲ್ಲೇ ಹೇಳಿದರೂ ಆಯಿತು. ಇನ್ನು ಜಪಮಾಲೆಗೆ ಬೆಂಗಳೂರಿನಷ್ಟು ಒಳ್ಳೆಯ ಊರಿಲ್ಲ. ಔಟರ್ ರಿಂಗ್ ರೋಡಿನಲ್ಲಿ ಕ್ಯಾಬ್ ಹತ್ತಿದರೆ ಒಂದು ಜಪಮಾಲೆಯ ಐದು ರಹಸ್ಯ (ಧ್ಯಾನದ ಭಾಗಗಳು) ಮುಗಿದು ಇನ್ನೊಂದು ಜಪಮಾಲೆಗೂ ಹೊತ್ತು ಉಳಿಯುತ್ತದೆ. ಗಾಡಿ ಓಡಿಸುವವರು ಮಾತ್ರ ಕೈಯಲ್ಲಿ ಮಣಿ ಹಿಡಿಯಬೇಡಿ.

ಹೆಜ್ಜೆ 5: ವಿಭೂತಿ ಬುಧವಾರ, ಶುಕ್ರವಾರದ ಬಿರಿಯಾನಿ

ವಿಭೂತಿ ಬುಧವಾರ ಹಣೆಗೆ ಹಚ್ಚುವುದು ಹಿಂದಿನ ವರ್ಷದ ಗರಿಗಳ ಭಾನುವಾರದಂದು (ಪಾಸ್ಕಕ್ಕೆ ಹಿಂದಿನ ಭಾನುವಾರ) ತಂದ ಗರಿಗಳನ್ನು ಸುಟ್ಟ ಬೂದಿ. ಬೆಳಿಗ್ಗೆ ಆರರ ಪೂಜೆಯಲ್ಲಿ ಹಚ್ಚಿಸಿಕೊಂಡು ಹಾಗೇ ಆಫೀಸಿಗೆ ಹೋಗಬಹುದು. ಹಣೆಗೆ ವಿಭೂತಿ ಇಟ್ಟವರನ್ನು ನೋಡಿ ಬೆಚ್ಚುವ ಊರು ಇದಲ್ಲ. ಯಾರಾದರೂ ಕೇಳಿದರೆ "ಇವತ್ತಿಂದ ನಮ್ಮ ತಪಸ್ಸು ಕಾಲ ಶುರು" ಅನ್ನಿ. ಶ್ರಾವಣದಲ್ಲಿ, ಕಾರ್ತೀಕದಲ್ಲಿ ಮಾಂಸ ಬಿಡುವವರು ನಿಮ್ಮ ಟೀಮಿನಲ್ಲೇ ನಾಲ್ಕು ಜನ ಇರುತ್ತಾರೆ. ಥಟ್ಟನೆ ಅರ್ಥವಾಗುತ್ತದೆ.

ನಿಯಮ ಹೀಗಿದೆ. ವಿಭೂತಿ ಬುಧವಾರ, ಶುಭ ಶುಕ್ರವಾರ ಎರಡು ದಿನ ಉಪವಾಸ: ಒಂದು ಪೂರ್ತಿ ಊಟ, ಮತ್ತೆ ಬೇಕಾದರೆ ಎರಡು ಸಲ ಸ್ವಲ್ಪ. ಇದು 18 ತುಂಬಿದವರಿಂದ 59ರವರೆಗೆ. ಆ ಎರಡು ದಿನವೂ ತಪಸ್ಸು ಕಾಲದ ಶುಕ್ರವಾರಗಳಲ್ಲೂ ಮಾಂಸ ಬಿಡುವುದು 14 ತುಂಬಿದ ಎಲ್ಲರಿಗೂ. ಕಾಯಿಲೆಯವರು, ಬಸುರಿಯರು ಉಪವಾಸ ಮಾಡಬೇಕಿಲ್ಲ. ಮೈ ಬಗ್ಗಿಸಿ ದುಡಿಯುವವರು ಗುರುಗಳನ್ನು ಕೇಳಿ ನಡೆದುಕೊಳ್ಳಿ.

ತೊಂದರೆ ಬರುವುದು ಟೀಮ್ ಲಂಚಿನಲ್ಲಿ. ಅದನ್ನು ಯಾವಾಗಲೂ ಶುಕ್ರವಾರವೇ ಇಡುತ್ತಾರೆ, ಯಾವಾಗಲೂ ಬಿರಿಯಾನಿಯೇ. ತಪ್ಪಿಸಿಕೊಳ್ಳಬೇಡಿ, ಹೋಗಿ. ಬೆಂಗಳೂರಿನಲ್ಲಿ ವೆಜ್ ಇಲ್ಲದ ಹೋಟೆಲ್ ಹುಡುಕುವುದೇ ಕಷ್ಟ. ಮೀನು ತಿನ್ನಬಹುದು ಅನ್ನುವುದು ನಿಜ. ಆದರೆ ತ್ಯಾಗದ ದಿನ ಅಂತ ಹೇಳಿ ತವಾ ಫ್ರೈ ಅಂಜಲ್ ತರಿಸಿಕೊಂಡರೆ ಎದುರಿನವರು ನಗುತ್ತಾರೆ. ನಗಲಿಕ್ಕೆ ಅವರಿಗೆ ಹಕ್ಕೂ ಇದೆ.

ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಕಾವಿ ಬಟ್ಟೆ ಉಡುವ ಹರಕೆ ಹೊತ್ತವರು ಡ್ರೆಸ್ ಕೋಡ್ ಬಗ್ಗೆ ಮುಂಚೆಯೇ ಕೇಳಿಕೊಳ್ಳಿ.

ಹೆಜ್ಜೆ 6: ಆಯುಧ ಪೂಜೆ ಬಂತು, ಈಗೇನು?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚು ಜನ ಗಲಿಬಿಲಿಯಾಗುವುದು ಇಲ್ಲೇ.

ಅವತ್ತು ಆಫೀಸಿನ ಬಾಗಿಲಿಗೆ ಮಾವಿನೆಲೆ, ಬಾಳೆಕಂದು. ಪ್ರಿಂಟರಿಗೂ ಸೇವಂತಿಗೆ ಹಾರ. ಮಾನಿಟರಿನ ಅಂಚಿಗೆ ಅರಿಶಿನ ಕುಂಕುಮ. ಸೆಕ್ಯುರಿಟಿಯವರು ಬೂದುಗುಂಬಳಕಾಯಿಗೆ ತೂತು ಕೊರೆದು, ಕುಂಕುಮ ಚಿಲ್ಲರೆ ಕಾಸು ತುಂಬಿ, ಗೇಟಿನ ಮುಂದೆ ಒಡೆಯುತ್ತಾರೆ. ಆಮೇಲೆ ಕಡ್ಲೆಪುರಿ, ಸಿಹಿ ಪೊಟ್ಟಣ. ಎಲ್ಲರೂ ಒಳ್ಳೆ ಬಟ್ಟೆ ಹಾಕಿಕೊಂಡು ಬಂದಿರುತ್ತಾರೆ. ಅವತ್ತು ನೀವು ರಜೆ ಹಾಕಿ ಮನೆಯಲ್ಲಿ ಕೂತರೆ ತಪ್ಪು ಸಂದೇಶ ಹೋಗುತ್ತದೆ. ಹೋಗಿ, ಎಲ್ಲರ ಜೊತೆ ಪೂಜೆ ಮಾಡಿದರೆ ಮನಸ್ಸು ಒಪ್ಪುವುದಿಲ್ಲ.

ನಾನು ಹಾಕುವ ಗೆರೆ ಇದು. ಹಬ್ಬದ ಸಂಭ್ರಮಕ್ಕೆ ಕೈ ಜೋಡಿಸಿ: ಹೂವು ಕಟ್ಟಿ, ರಂಗೋಲಿ ಹಾಕಿ, ಊಟಕ್ಕೆ ದುಡ್ಡು ಕೊಡಿ, ಫೋಟೋಗೆ ನಿಲ್ಲಿ. ಪೂಜೆ ನಡೆಯುವಾಗ ಚಪ್ಪಲಿ ಬಿಟ್ಟು ಗೌರವದಿಂದ ನಿಂತುಕೊಳ್ಳಿ, ಫೋನ್ ನೋಡಬೇಡಿ. ಆರತಿ ಎತ್ತುವುದು, ಮಂತ್ರ ಹೇಳುವುದು, ಪೂಜೆಗೆ ಕೂರುವುದು ಮಾತ್ರ ನಿಮ್ಮದಲ್ಲ. ಯಾರಾದರೂ ತಟ್ಟೆ ಕೈಗೆ ಕೊಡಲು ಬಂದರೆ "ನೀವೇ ಮಾಡಿ ಸರ್, ನಾನು ಇಲ್ಲೇ ಇರ್ತೀನಿ" ಅನ್ನಿ. ವಿವರಣೆ ಬೇಡ. ಮೊದಲ ವಾರದಲ್ಲೇ ಹೇಳಿದ್ದೀರಲ್ಲ, ಅದರ ಲಾಭ ಸಿಗುವುದು ಈಗ.

ಪ್ರಸಾದ? ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೇ ಮತ್ತು 10ನೇ ಅಧ್ಯಾಯದಲ್ಲಿ ಸಂತ ಪೌಲರು ಇದೇ ತಲೆನೋವನ್ನು ಬಿಡಿಸಿದ್ದಾರೆ. ಅಲ್ಲೂ ಕ್ರೈಸ್ತರು ಬೇರೆ ದೇವರುಗಳ ಗುಡಿಗಳಿದ್ದ ಪಟ್ಟಣದಲ್ಲಿ ಬದುಕುತ್ತಿದ್ದರು. ಪೌಲರು ಹೇಳುವುದು ಹೀಗೆ: ಊಟಕ್ಕೆ ಕರೆದವರ ಮನೆಯಲ್ಲಿ ಬಡಿಸಿದ್ದನ್ನು ಏನು ಎತ್ತ ಅಂತ ಕೆದಕದೆ ಉಣ್ಣಿ. ಇದು ನೈವೇದ್ಯಕ್ಕೆ ಇಟ್ಟದ್ದು ಅಂತ ಯಾರಾದರೂ ಎತ್ತಿ ಹೇಳಿದರೆ, ಹೇಳಿದವರ ಮನಸ್ಸಾಕ್ಷಿಗಾಗಿ ಬಿಡಿ. ಹಾಗಾಗಿ ಮೇಜಿನ ಮೇಲಿನ ಮೈಸೂರುಪಾಕು ಸಹೋದ್ಯೋಗಿ ಹಂಚುವ ಸಿಹಿ. ದೇವರ ಮುಂದಿಟ್ಟದ್ದನ್ನು ಪ್ರಸಾದ ಅಂತ ಕೈಗೆ ಕೊಟ್ಟರೆ ನಮ್ಮಲ್ಲಿ ಕೆಲವರು ತೆಗೆದುಕೊಂಡು ಪಕ್ಕದವರಿಗೆ ಕೊಡುತ್ತಾರೆ, ಕೆಲವರು ಕೈ ಮುಗಿದು ಬೇಡ ಅನ್ನುತ್ತಾರೆ. ಎರಡನ್ನೂ ಮುಖ ಸಿಂಡರಿಸದೆ ಮಾಡಬಹುದು. ಗೊಂದಲ ಉಳಿದರೆ ನಿಮ್ಮ ಗುರುಗಳ ಹತ್ತಿರ ಒಂದು ಸಲ ಕೇಳಿ ತೀರ್ಮಾನ ಮಾಡಿ, ವರ್ಷ ವರ್ಷ ಅದನ್ನೇ ಅಗಿಯಬೇಡಿ.

ಹೆಜ್ಜೆ 7: ಪ್ರಶ್ನೆಗಳು, ಚುಚ್ಚುಮಾತುಗಳು

"ನಿಮ್ಮ ಮನೆಯವರು ಯಾವಾಗ ಕನ್ವರ್ಟ್ ಆಗಿದ್ದು?" ಈ ಪ್ರಶ್ನೆ ಬರುತ್ತದೆ. ಬಹುತೇಕ ಕುತೂಹಲವಷ್ಟೇ. ಮೈಸೂರು ಸೀಮೆಗೆ ಯೇಸುಸಭೆಯ (ಜೆಸ್ವಿಟ್) ಗುರುಗಳು ಬಂದದ್ದು 17ನೇ ಶತಮಾನದಲ್ಲಿ. ಕನಕಪುರದ ಹತ್ತಿರದ ಹಾರೋಬೆಲೆಯಂಥ ಊರುಗಳಲ್ಲಿ ತಲೆತಲಾಂತರದಿಂದ ಕನ್ನಡ ಕಥೋಲಿಕರಿದ್ದಾರೆ. ಇಷ್ಟು ಗೊತ್ತಿದ್ದರೆ ಉತ್ತರಕ್ಕೆ ಸಾಕು. ನಿಮ್ಮ ಅಜ್ಜನ ಕಾಲದಲ್ಲಿ ಬಂದವರಾದರೆ ಹಾಗೇ ಹೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಗೊತ್ತಿಲ್ಲದ ಪ್ರಶ್ನೆಗೆ "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಅನ್ನಿ. ಬಾಯಿಗೆ ಬಂದದ್ದು ಹೇಳುವುದಕ್ಕಿಂತ ಅದು ವಾಸಿ.

ಅಕ್ಕಿಗೋಸ್ಕರ ಮತ ಬದಲಿಸಿದವರು ಅಂತ ಹಂಗಿಸುವ "ಅಕ್ಕಿ ಮೂಟೆ" ಜೋಕು ಬೇರೆ ಜಾತಿಯದ್ದು. ಮೊದಲ ಸಲ ನೇರವಾಗಿ, ಒಬ್ಬರೇ ಸಿಕ್ಕಾಗ ಹೇಳಿ: "ಗುರು, ಆ ಮಾತು ನನಗೆ ಹಿಡಿಸಲಿಲ್ಲ. ಇನ್ನೊಂದ್ಸಲ ಬೇಡ." ಹತ್ತರಲ್ಲಿ ಎಂಟು ಜನ ಅಲ್ಲಿಗೇ ನಿಲ್ಲಿಸುತ್ತಾರೆ ಅನ್ನುವುದು ನನ್ನ ಅಂದಾಜು. ನಿಲ್ಲಿಸದಿದ್ದರೆ ದಿನಾಂಕ, ಆಡಿದ ಮಾತು, ಅಲ್ಲಿದ್ದವರ ಹೆಸರು ಬರೆದಿಟ್ಟುಕೊಳ್ಳಿ. ವಾಟ್ಸಾಪ್ ಆದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕಂಪನಿಯ ಕೋಡ್ ಆಫ್ ಕಾಂಡಕ್ಟ್ ಏನು ಹೇಳುತ್ತದೆ ನೋಡಿ, ಎಚ್ಆರ್‌ಗೆ ಮೇಲ್ ಹಾಕಿ. ಗ್ರೂಪಿನಲ್ಲೇ ಜಗಳಕ್ಕೆ ನಿಂತರೆ ಕೊನೆಗೆ ಇಬ್ಬರದೂ ತಪ್ಪು ಅಂತಾಗುತ್ತದೆ.

ನಮ್ಮ ಕಡೆಯಿಂದಲೂ ಒಂದು ಎಚ್ಚರ ಬೇಕು. ಸಂವಿಧಾನದ 25ನೇ ವಿಧಿ ನಮ್ಮ ಧರ್ಮವನ್ನು ನಂಬಲು, ಆಚರಿಸಲು, ಸಾರಲು ಹಕ್ಕು ಕೊಟ್ಟಿದೆ. ಹಾಗಂತ ಆಫೀಸಿನ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಬೈಬಲ್ ವಾಕ್ಯ ಹಾಕುವುದು, ಕಷ್ಟದಲ್ಲಿರುವ ಜೂನಿಯರನ್ನು "ಗುರುವಾರ ನಮ್ಮ ಜೊತೆ ಬಾ, ಎಲ್ಲಾ ಸರಿಹೋಗುತ್ತೆ" ಅಂತ ಎಳೆಯುವುದು ಬೇಡ. ನಿಮ್ಮ ಕೈಕೆಳಗೆ ಕೆಲಸ ಮಾಡುವವರನ್ನಂತೂ ಬೇಡವೇ ಬೇಡ. ಅವರಿಗೆ ಇಲ್ಲ ಅನ್ನಲು ಧೈರ್ಯ ಇರುವುದಿಲ್ಲ. ಒತ್ತಾಯದ ವಾಸನೆಯೂ ಇರಬಾರದು ಅಂತ ಲೋಕದ ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಅವರಾಗಿಯೇ "ನನ್ನನ್ನೂ ಕರ್ಕೊಂಡು ಹೋಗಿ" ಅಂದರೆ ಸಂತೋಷವಾಗಿ ಕರೆದುಕೊಂಡು ಹೋಗಿ.

ಹೆಜ್ಜೆ 8: ಬಿಲ್ಲು, ಟೈಮ್‌ಶೀಟು

ಶಿಲುಬೆ ಗುರುತು ಹಾಕಿದ ಮೇಲೆ ಜನ ನಿಮ್ಮನ್ನು ನೋಡುವ ರೀತಿ ಬದಲಾಗುತ್ತದೆ. ಎರಡು ಗಂಟೆ ಕೆಲಸಕ್ಕೆ ಎಂಟು ಗಂಟೆ ತುಂಬಿದ ಟೈಮ್‌ಶೀಟು, ಮೆಟ್ರೋದಲ್ಲಿ ಬಂದು ಕ್ಯಾಬ್ ಬಿಲ್ ಹಾಕುವುದು, ಗೆಳೆಯನಿಗೆ ಹುಟ್ಟಿಸಿಕೊಟ್ಟ ಎಕ್ಸ್‌ಪೀರಿಯನ್ಸ್ ಲೆಟರ್. ಇವು ಬೇರೆಯವರು ಮಾಡಿದರೆ ಮಾಮೂಲು. ನೀವು ಮಾಡಿದರೆ "ಚರ್ಚಿಗೆ ಹೋಗ್ತಾನೆ ಬೇರೆ" ಅನ್ನುತ್ತಾರೆ. ಅನ್ಯಾಯ ಅನ್ನಿಸಬಹುದು. ಹೇಳಿಕೊಂಡು ಬದುಕುವುದಕ್ಕೆ ಕೊಡುವ ಬೆಲೆ ಅದು, ನನ್ನ ಪ್ರಕಾರ ದುಬಾರಿಯೇನಲ್ಲ.

"ಎಲ್ಲರೂ ಹಾಕ್ತಾರೆ, ನೀನೂ ಹಾಕು" ಅಂತ ಸೀನಿಯರ್ ಹೇಳಿದರೆ ಉಪದೇಶ ಮಾಡಬೇಡಿ. "ನನಗೆ ಬೇಡ ಅಣ್ಣಾ, ರಾತ್ರಿ ನಿದ್ದೆ ಬರಲ್ಲ" ಅಂದರೆ ಮುಗಿಯಿತು. ಯೇಸುವಿನ ಸಾಕುತಂದೆ ಸಂತ ಜೋಸೆಫರು ಬಡಗಿ. ಅವರನ್ನು ದುಡಿಯುವವರ ಸಂತ ಅಂತ ನೆನೆಯುವ ಹಬ್ಬವನ್ನು 12ನೇ ಪಿಯುಸ್ ಪೋಪರು 1955ರಲ್ಲಿ ಮೇ 1ಕ್ಕೇ ಇಟ್ಟರು, ಕಾರ್ಮಿಕರ ದಿನಕ್ಕೆ. ಶುಭಸಂದೇಶಗಳಲ್ಲಿ ಆ ಮನುಷ್ಯನ ಒಂದು ಮಾತೂ ಇಲ್ಲ ಅನ್ನುವುದು ನನಗೆ ಬಲು ಇಷ್ಟ.

ಹೆಜ್ಜೆ 9: ಡಿಸೆಂಬರ್

ಡಿಸೆಂಬರ್ ಮೊದಲ ವಾರದಿಂದಲೇ "ಕೇಕ್ ಎಲ್ಲಿ?" ಶುರುವಾಗುತ್ತದೆ. ಟ್ರೀ ಅಲಂಕಾರ, ಸೀಕ್ರೆಟ್ ಸಾಂತಾ ಎಲ್ಲವನ್ನೂ ನಿಮ್ಮ ತಲೆಗೇ ಕಟ್ಟುತ್ತಾರೆ. ಒಪ್ಪಿಕೊಳ್ಳಿ. ಜೊತೆಗೆ ಒಂದು ಮೂಲೆಯಲ್ಲಿ ಪುಟ್ಟ ಗೋದಲಿಯನ್ನೂ ಇಡಲು ಕೇಳಿ. ಸಾಂತಾ ಗೊತ್ತಿದ್ದು ಕೂಸು ಯಾರು ಅಂತ ಗೊತ್ತಿಲ್ಲದವರು ಅಲ್ಲಿ ನಿಂತು ಕೇಳುತ್ತಾರೆ. 24ರ ರಾತ್ರಿ ಪೂಜೆ ಇರುವುದರಿಂದ ಅವತ್ತು ಸಂಜೆಯ ರಿಲೀಸ್ ಕಾಲ್‌ಗೆ ಬದಲಿ ಯಾರು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ಮನೆಯಿಂದ ಕ್ರಿಸ್ಮಸ್ ತಿಂಡಿಗಳಾದ ಕಜ್ಜಾಯ, ಗುಲಾಬಿ ಹೂವು (ಅಚ್ಚಿನಲ್ಲಿ ಕರಿಯುವ ತಿಂಡಿ), ಕಲಕಲ ತಂದರೆ ಹತ್ತು ನಿಮಿಷದಲ್ಲಿ ಖಾಲಿ. ಕೇಕ್ ತರುವುದಾದರೆ ಮೊಟ್ಟೆ ಇಲ್ಲದ್ದನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ. ರಮ್ ಹಾಕಿದ ಪ್ಲಮ್ ಕೇಕ್ ಆದರೆ ಅದನ್ನೂ ಬರೆಯಿರಿ. ಎರಡೂ ಡಬ್ಬಿಗೆ ಚಾಕು ಬೇರೆ ಬೇರೆ ಇರಲಿ.